ಹತ್ತು ದಿನದ ಬುತ್ತಿ

ಮಗಳು ಮೆಚ್ಚಿದ ಹುಡುಗ ವಿಯೆಟ್ನಾಮಿನವನು ಎಂದು ವಿಡಿಯೋ ಕಾಲ್‌ನಲ್ಲಿ ಗೊತ್ತಾದಾಗ ನೀಲಕಂಠಪ್ಪ ಕುರ್ಚಿಯಿಂದ ಎದ್ದೇ ನಿಂತ. ನೇತ್ರಾ ಬೈಗುಳಕ್ಕೆ ತಯಾರಾಗಿದ್ದಳು. ಲಿಂಗಾಯತರಲ್ಲೇ ಆಗಬೇಕು, ಅದರಲ್ಲೂ ನಮ್ಮ ಒಳಪಂಗಡವೇ ಆಗಬೇಕು ಎನ್ನುವ ಮಂದಿಯ ನಡುವೆ ಬೆಳೆದವಳು ಅವಳು. ಅಪ್ಪನೋ ಎರಡೂ ಕೈ ಮೇಲೆತ್ತಿ, "ಯವ್ವಾ, ಇದಕ್ಕಿಂತ ಛಲೋ ಸುದ್ದಿ ಏನೈತಿ" ಎಂದ.

ಅವನ ಖುಷಿಗೆ ಕಾರಣವಿತ್ತು. ನೀಲಕಂಠಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು, ಅದಕ್ಕಿಂತ ಹೆಚ್ಚಾಗಿ ಯೂನಿಯನ್ನಿನವನು. ಕೆಂಪು ಬಾವುಟ ಹಿಡಿದ ಕೈಗೆ ಬೇರೆ ಪೂಜೆ ಬೇಡ ಎಂದು ಇಪ್ಪತ್ತರ ಹರೆಯದಲ್ಲೇ ಕೊರಳಿನ ಲಿಂಗ ತೆಗೆದು ತಾಯಿಯ ಕೈಗೆ ಕೊಟ್ಟಿದ್ದ. ದೇವರು ಖಾಲಿ ಮಾಡಿದ ಜಾಗದಲ್ಲಿ ಅವನು ಕೂರಿಸಿಕೊಂಡದ್ದು ವಿಯೆಟ್ನಾಮನ್ನು. ಬಿದಿರು ಹಿಡಿದ ಬಡವರು ಅಮೆರಿಕದ ವಿಮಾನಗಳನ್ನು ಸೋಲಿಸಿದ ಕಥೆ ಕೇಳುತ್ತಲೇ ನೇತ್ರಾ ತೊಟ್ಟಿಲಲ್ಲಿ ನಿದ್ದೆ ಮಾಡಿದ್ದಳು. ಈಗ ಅವಳೇ ಅಮೆರಿಕದ ವಿಮಾನ ಕಟ್ಟುವ ಕೆಲಸದಲ್ಲಿರುವುದನ್ನು ಅಪ್ಪ ದೊಡ್ಡ ಮನಸ್ಸಿನಿಂದ ಕ್ಷಮಿಸಿದ್ದ.

ಅಮೆರಿಕದ ಎವರೆಟ್ ಎಂಬ ಊರಿನ ಆ ವಿಮಾನ ಕಾರ್ಖಾನೆಯಲ್ಲಿ ನೇತ್ರಾ ಕ್ವಾಲಿಟಿ ಎಂಜಿನಿಯರ್. ಹೊರಗಿನಿಂದ ಬರುವ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಒಳಗೆ, ಇಲ್ಲದಿದ್ದರೆ ವಾಪಸ್. ಕೆಂಟ್ ಎಂಬ ಊರಿನ ಒಂದು ಸಣ್ಣ ಕಂಪನಿಯ ಬ್ರಾಕೆಟ್‌ಗಳನ್ನು, ಎಂದರೆ ತೂತು ಕೊರೆದ ಲೋಹದ ಆಧಾರಪಟ್ಟಿಗಳನ್ನು, ಅವಳು ಸತತವಾಗಿ ವಾಪಸ್ ಕಳಿಸಿದಾಗ, ಆ ಕಂಪನಿಯ ಎಂಜಿನಿಯರ್ ಜಗಳಕ್ಕೆಂದೇ ಟ್ರಾಫಿಕ್ ಸೀಳಿಕೊಂಡು ಎವರೆಟ್‌ವರೆಗೆ ಬಂದ. ಅವನೇ ಖಾಂಗ್. ಇವರಿಬ್ಬರ ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ. ಆದರೆ ಪ್ರೇಮದ ಮಾತು ನಮಗೆ ನಮ್ಮ ನುಡಿಯಲ್ಲೇ ರುಚಿ, ಹಾಗಾಗಿ ಕನ್ನಡದಲ್ಲೇ ಕೇಳಿಸಿಕೊಳ್ಳಿ.

"ನಿಮ್ಮ ಕಣ್ಣಿಗೆ ಏನಾದ್ರೂ ತೊಂದ್ರೆ ಇದ್ಯಾ?" ಎಂದಿದ್ದ ಅವನು, ಬ್ರಾಕೆಟ್ ಅವಳ ಮೂಗಿನ ಹತ್ತಿರ ಹಿಡಿದು.

"ನನ್ನ ಹೆಸರಿನ ಅರ್ಥವೇ ಕಣ್ಣು," ಎಂದಳು ಅವಳು. "ತೊಂದ್ರೆ ಇರೋದು ನಿಮ್ಮ ಡ್ರಿಲ್ಲಿಂಗ್‌ನಲ್ಲಿ."

ಅವನು ತೂತಿನೊಳಗಿಂದ ಅವಳನ್ನೇ ನೋಡಿದ. ಆ ಸಣ್ಣ ವೃತ್ತದೊಳಗೆ ಅವನ ಒಂದು ಕಣ್ಣು ನಗುತ್ತಿತ್ತು. ನೇತ್ರಾ ತಕ್ಷಣ ಅಳೆಯುವ ಗೇಜ್ ಕಡೆ ತಿರುಗಿದಳು, ಆದರೆ ಆ ದಿನ ಅಳೆದ ಮಿಕ್ಕ ಎಲ್ಲವನ್ನೂ ಎರಡೆರಡು ಸಲ ಅಳೆಯಬೇಕಾಯಿತು. ಮುಂದೆ ಬ್ರಾಕೆಟ್‌ಗಳು ಸರಿಯಾದವು. ಲಾರಿಯಲ್ಲಿ ಬರಬೇಕಾದ ಡಬ್ಬಗಳನ್ನು ಮಾತ್ರ ಅವನೇ ತನ್ನ ಕಾರಿನಲ್ಲಿ ತರುತ್ತಿದ್ದ. ಯಾಕೆಂದು ಕೇಳಿದರೆ ಪೆಟ್ರೋಲ್ ಸುಟ್ಟರೇ ಎಂಜಿನ್‌ಗೆ ಆರೋಗ್ಯ ಎನ್ನುತ್ತಿದ್ದ. ಅವಳ ಡಬ್ಬಿಯ ಕಟಕ್ ರೊಟ್ಟಿ ಮುರಿಯುವ ಸದ್ದಿಗೆ ಇಡೀ ಕ್ಯಾಂಟೀನ್ ತಿರುಗಿ ನೋಡುವಾಗ, "ನಿನ್ನ ಊಟ ಎಲ್ಲರಿಗೂ ನಮ್ಮ ವಿಷ್ಯ ಹೇಳ್ಬಿಡತ್ತೆ" ಎಂದು ಪಿಸುಗುಟ್ಟುತ್ತಿದ್ದ. ಎರಡು ವರ್ಷ ಹೀಗೇ ಹೋಯಿತು, ಸುಖವಾಗಿ.

ಬೇಸಿಗೆಗೆ ಅಪ್ಪ ಅವ್ವ ಹುಬ್ಬಳ್ಳಿಯಿಂದ ಬಂದರು. ವುಡಿನ್‌ವಿಲ್‌ನ ನೇತ್ರಾಳ ಮನೆಯಲ್ಲಿ ಒಂದು ಶನಿವಾರ ಬೀಗರ ಊಟ ಎಂದು ನಿಕ್ಕಿಯಾಯಿತು. ಖಾಂಗ್‌ನ ಅಮ್ಮ ತೀರಿಕೊಂಡು ನಾಲ್ಕು ವರ್ಷ. ಬರುವವರು ಅವನು ಮತ್ತು ಅವನಪ್ಪ ಹಿಯೆನ್, ಇಬ್ಬರೇ.

ಹಿಯೆನ್ ಕುಳ್ಳಗೆ, ತೆಳ್ಳಗೆ, ಇಸ್ತ್ರಿಯ ಅಂಗಿಯ ಕೊರಳ ಗುಂಡಿಯನ್ನೂ ಹಾಕಿಕೊಂಡಿದ್ದ ಎಪ್ಪತ್ತೆಂಟರ ಮುದುಕರು. ಊಟಕ್ಕೆ ಮೊದಲು ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟಿದರು. ನೇತ್ರಾಳ ಅವ್ವ ಬಸವಣ್ಣೆವ್ವ ಬಡಿಸುವ ಸೌಟನ್ನು ಹಾಗೇ ಹಿಡಿದು, ಅವರು ಮುಗಿಸುವವರೆಗೆ ಕಾದಳು. ಆಮೇಲೆ ಗಂಡನ ಕಿವಿಯಲ್ಲಿ, ದೇವರನ್ನ ನೆನಸಿ ಉಣ್ಣೂ ಮಂದಿ, ನಿಮಗಿಂತ ಸಾವಿರ ಪಾಲು ಛಲೋ ಅದಾರ ಎಂದಳು. ಎಣಗಾಯಿ, ರೊಟ್ಟಿ, ಶೇಂಗಾ ಚಟ್ನಿ ಏನು ಬಿದ್ದರೂ ಹಿಯೆನ್ ತಾಟು ಒರೆಸಿದ ಹಾಗೆ ಉಂಡರು. ಅವ್ವನ ಮನಸ್ಸು ಅಲ್ಲಿಗೇ ಗೆದ್ದಾಯಿತು.

ಅಪ್ಪ ತನ್ನ ಹರಕು ಇಂಗ್ಲಿಷಿನಲ್ಲೇ ಜೈಲಿನ ಕಥೆ ತೆಗೆದ. ಎಪ್ಪತ್ನಾಲ್ಕರ ರೈಲ್ವೆ ಮುಷ್ಕರದಲ್ಲಿ ಎರಡು ವಾರ ಒಳಗಿದ್ದುದು, ರಾತ್ರಿಯೆಲ್ಲ ಕಚ್ಚುವ ತೊಗಣಿ ಕಾಟ, ನೀರಿನಂಥ ಅಳ್ಳಕ ಸಾರು, ಗೋಡೆಯಾಚೆಯಿಂದ ಘೋಷಣೆ. ಈ ಕಥೆ ಕೇಳದ ನೆಂಟರು ಉತ್ತರ ಕರ್ನಾಟಕದಲ್ಲಿ ಯಾರೂ ಉಳಿದಿರಲಿಲ್ಲ, ಹಾಗಾಗಿ ಹೊಸ ಕಿವಿ ಸಿಕ್ಕದ್ದಕ್ಕೆ ಅವನಿಗೆ ಹುರುಪೋ ಹುರುಪು. ಹಿಯೆನ್ ಊಟ ನಿಲ್ಲಿಸಿ ಗಂಭೀರವಾಗಿ ಕೇಳಿದರು. ತೊಗಣಿಯ ವಿಷಯಕ್ಕೆ ತಲೆಯಾಡಿಸಿದರು. ಮೇಜಿನ ಕೆಳಗೆ ಖಾಂಗ್‌ನ ಪಾದ ನೇತ್ರಾಳ ಪಾದವನ್ನು ಮುಟ್ಟಿತು. ತಮಾಷೆಗೆ ಎಂದುಕೊಂಡು ಅವಳು ಮೆಲ್ಲಗೆ ತುಳಿದಳು. ಅವನು ಕಾಲು ಎಳೆದುಕೊಂಡ.

ಊಟ ಮುಗಿದ ಮೇಲೆ ಅಪ್ಪ ಒಳಗೆ ಹೋಗಿ ಧಾರವಾಡ ಫೇಡಾದ ಡಬ್ಬಿ ತಂದ. ಸೂಟ್‌ಕೇಸಿನಲ್ಲಿ ಯಾರಿಗೂ ಮುಟ್ಟಗೊಡದೆ ಇದಕ್ಕೆಂದೇ ಉಳಿಸಿಟ್ಟಿದ್ದ.

"ನೇತ್ರಾ, ಇದನ್ನ ನೀನ ಹೇಳು ಅವರಿಗೆ. ನನ್ನ ಇಂಗ್ಲಿಷ್‌ನಾಗ ಈ ಮಾತು ಕೆಡತೈತಿ," ಎಂದು ಗಂಟಲು ಸರಿ ಮಾಡಿಕೊಂಡ. "ಎಪ್ಪತ್ತೈದರಾಗ ಸೈಗಾನ್ ಬಿಡುಗಡಿ ಆತು ಅಂತ ರೇಡಿಯೋದಾಗ ಬಂತು. ನಾ ಆವಾಗ ನೌಕರಿ ಕಳಕೊಂಡ ಮನ್ಯಾಗ ಕುಂತಾವ. ಕೈಗಡಿಯಾರ ಮಾರಿ ಫೇಡಾ ತಂದು ವರ್ಕ್‌ಶಾಪ್ ಗೇಟಿನಾಗ ನಿಂತು ಮಂದಿಗೆಲ್ಲ ಹಂಚಿದೆ. ನನ್ನ ಜೀವಮಾನದಾಗ ಅಷ್ಟು ಖುಷಿ ಮತ್ತೊಮ್ಮಿ ಆಗಿಲ್ಲ. ಇವತ್ತ ಆ ದೇಶದವರಿಗೇ ಫೇಡಾ ಕೊಡು ಭಾಗ್ಯ ಬಂತು ಅಂತ ಹೇಳು."

ನೇತ್ರಾ ಹೇಳಿದಳು. ನಗುನಗುತ್ತ, ಕೈಗಡಿಯಾರದ ಮಾತಿಗೆ ಸ್ವಲ್ಪ ಬಣ್ಣವನ್ನೂ ಹಚ್ಚಿ, ಒಂದು ಮಾತೂ ಬಿಡದೆ ಇಂಗ್ಲಿಷಿಗೆ ತಿರುಗಿಸಿದಳು. ಕೊನೆಯ ವಾಕ್ಯ ಮುಗಿಸಿ ಮೆಚ್ಚುಗೆಗಾಗಿ ಖಾಂಗ್‌ನ ಕಡೆ ನೋಡಿದಾಗಲೇ ಅವನ ಮುಖ ಕಂಡದ್ದು. ಅಂಥ ಮುಖವನ್ನು ಅವಳು ಅವನಲ್ಲಿ ಎಂದೂ ಕಂಡಿರಲಿಲ್ಲ.

ಹಿಯೆನ್ ಫೇಡಾ ತೆಗೆದುಕೊಂಡರು. ಮತ್ತೆ ಕಣ್ಣು ಮುಚ್ಚಿದರು. ಪೂರ್ತಿ ತಿಂದು, ಬೆರಳಿಗೆ ಅಂಟಿದ ಸಕ್ಕರೆಯನ್ನೂ ಬಿಡದೆ, ಆಮೇಲೆ ನಿಧಾನವಾಗಿ ಮಾತಾಡಿದರು.

"ಆ ದಿನ ನಾನು ಸೈಗಾನ್‌ನಲ್ಲೇ ಇದ್ದೆ. ಅಮೆರಿಕದ ಕಡೆಯ, ಸೋತ ಸೈನ್ಯದಲ್ಲಿ ಲೆಫ್ಟಿನೆಂಟ್. ಅದಾದ ಮೇಲೆ ಹದಿಮೂರು ವರ್ಷ ಗೆದ್ದವರ ಕ್ಯಾಂಪುಗಳಲ್ಲಿ ಕೈದಿಯಾಗಿದ್ದೆ." ಬಸವಣ್ಣೆವ್ವನ ಕಡೆ ತಿರುಗಿ, "ಸಿಹಿ ಬಹಳ ಚೆನ್ನಾಗಿದೆ," ಎಂದರು.

ಹದಿಮೂರು ವರ್ಷ, ಕೈದಿ, ಇಷ್ಟು ಇಂಗ್ಲಿಷ್ ಅಪ್ಪನಿಗೂ ಅರ್ಥವಾಗುತ್ತಿತ್ತು. ಡಬ್ಬಿ ಅವನ ಕೈಯಲ್ಲೇ ಉಳಿಯಿತು. ಆ ಮಾತುಗಳನ್ನು ಅವರ ಮುಂದೆ ಇಟ್ಟ ಬಾಯಿ ತನ್ನದು ಎಂಬುದೊಂದೇ ನೇತ್ರಾಳಿಗೆ ಹೊಳೆಯುತ್ತಿದ್ದದ್ದು. ಏನೂ ಅರ್ಥವಾಗದ ಅವ್ವ ಒಬ್ಬಳೇ ಇನ್ನೊಂದು ಫೇಡಾ ಮುಂದೆ ಹಿಡಿದಳು. ಹಿಯೆನ್ ಅದನ್ನೂ ತಿಂದರು.

ಕಾರಿನ ಹತ್ತಿರ ಇನ್ನೂ ಬಿಸಿಲಿತ್ತು, ಸಂಜೆ ಎಂಟಾದರೂ ಇಳಿಯದ ಈ ಊರಿನ ಬೇಸಿಗೆ ಬಿಸಿಲು. ತನ್ನಪ್ಪನನ್ನು ಒಳಗೆ ಕೂರಿಸಿ, ಬಾಗಿಲು ಹಾಕಿ, ಖಾಂಗ್ ನೇತ್ರಾಳ ಮುಂದೆ ನಿಂತ. ಅವಳು ತಾನೇ ಮೊದಲು ಕೇಳಿದಳು.

"ನಂಗೆ ಯಾಕೆ ಹೇಳಿರ್ಲಿಲ್ಲ?"

"ಅಪ್ಪಂಗೆ ಇಷ್ಟ ಇಲ್ಲ. ಮರುಕ ಪಡೋರ ಮುಂದೆ ಊಟ ಗಂಟಲಲ್ಲಿ ಇಳಿಯಲ್ಲ ಅಂತಾರೆ." ಅವನ ದನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು. "ನಿನ್ನಪ್ಪ ಇಂಥವ್ರು ಅಂತ ನೀನ್ಯಾಕೆ ಹೇಳಿರ್ಲಿಲ್ಲ?"

"ಅದು ನಮ್ಮನೇಲಿ ಒಂದು ತಮಾಷೆ, ಖಾಂಗ್."

ಮಾತು ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

"ನಿನ್ನ ಮೇಲೆ ಕೋಪ ಇಲ್ಲ ನಂಗೆ," ಎಂದ ಖಾಂಗ್. "ಆದ್ರೆ ಮದ್ವೆ ದಿನ ನನ್ನಪ್ಪನ್ನ ನಿನ್ನಪ್ಪನ ಪಕ್ಕದಲ್ಲಿ ಕೂರ್ಸಿ ಫೋಟೋ ತೆಗೆಸ್ಲಿಕ್ಕೆ ನನ್ ಕೈಲಿ ಆಗಲ್ಲ. ಸ್ವಲ್ಪ ದಿನ ನಂಗೆ ಕಾಲ್ ಮಾಡ್ಬೇಡ."

ಅವಳು ಅಡುಗೆಮನೆಗೆ ಬಂದಾಗ ಅಪ್ಪ ಗೋಡೆ ನೋಡುತ್ತ ಕೂತಿದ್ದ. ಕ್ಷಮೆ ಕೇಳೋಣ, ಈಗಲೇ ಫೋನ್ ಮಾಡೋಣ ಎಂದಾನು ಎಂದುಕೊಂಡಿದ್ದಳು. ಅವನು ಹೇಳಿದ್ದು ಬೇರೆ. ಸೈನ್ಯದಾಗ ಇದ್ದಾವ ಅಂದ್ರ ಅವನೂ ಏನಾರ ಮಾಡಿರಬೇಕಲ್ಲ, ಸುಮ್ಮಸುಮ್ಮನ ಹದಿಮೂರು ವರ್ಷ ಯಾರು ಹಿಡಿದಿಡತಾರ, ಕ್ರಾಂತಿ ಅಂದ ಮ್ಯಾಲ ಒಂದಿಷ್ಟು ಇಂಥಾದ್ದು ಆಗತಾವ ಎಂದ. ಊಟದ ಮೇಜಿಗಿಂತ ದೊಡ್ಡ ಪೆಟ್ಟು ನೇತ್ರಾಳಿಗೆ ಬಿದ್ದದ್ದು ಆಗ. ಬಡವರ ಕಣ್ಣೀರಿಗೆ ಹಾದಿಬೀದಿಯಲ್ಲಿ ಅಳುತ್ತಿದ್ದ ಅಪ್ಪನೇ ಇವನು?

"ಅವರನ್ನ ಕಣ್ಣಿಂದ ನೋಡಿದ ಮ್ಯಾಲೂ ಹಿಂಗ ಅಂತೀಯಲ್ಲ, ಅಪ್ಪಾ," ಎಂದಳು.

ಅವ್ವ ಪಾತ್ರೆ ಒರೆಸುತ್ತ, ತನಗೆ ಈಗ ಅರ್ಥವಾದಷ್ಟಕ್ಕೆ ಕಣ್ಣು ಒರೆಸುತ್ತ, ಇವರು ದೇವರನ್ನ ಬಿಟ್ಟಾಗ ನಾ ಇವರ ಪಾಲಿಂದೂ ಸೇರಿಸಿ ಪೂಜಿ ಮಾಡೀನಿ, ಇನ್ನ ಇವರ ಪಾಲಿನ ಕರುಳೂ ನನಗ ಬಂತೇನು ಎಂದು ಗೊಣಗಿದಳು.

ಮುಂದಿನ ವಾರ ಬ್ರಾಕೆಟ್‌ಗಳು ಲಾರಿಯಲ್ಲಿ ಬಂದವು. ಅದರ ಮುಂದಿನ ವಾರವೂ. ನೇತ್ರಾ ಡಬ್ಬ ತೆರೆದು, ಒಂದು ಬ್ರಾಕೆಟ್ ಎತ್ತಿ ತೂತಿನೊಳಗಿಂದ ನೋಡಿದಳು. ಆಚೆ ಗೋಡೆ, ಬೆಂಕಿ ಆರಿಸುವ ಸಿಲಿಂಡರ್, ಅಷ್ಟೇ. ಮೂವತ್ತಮೂರು ವರ್ಷದ ಹೆಂಗಸು, ಜವಾಬ್ದಾರಿಯ ಕೆಲಸದವಳು, ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಫೋನಿನಲ್ಲಿ ಅವನ ಹೆಸರಿನ ಮೇಲೆ ಬೆರಳಿಟ್ಟು ತೆಗೆದದ್ದಕ್ಕೆ ಲೆಕ್ಕವಿಲ್ಲ.

ಕೊನೆಗೆ ಒಂದು ಶನಿವಾರ ಕಾರು ತೆಗೆದಳು. ಖಾಂಗ್‌ನ ಹತ್ತಿರ ಹೋಗುವ ಧೈರ್ಯವಿರಲಿಲ್ಲ, ಹಾಗಾಗಿ ಅವನಪ್ಪನ ಹತ್ತಿರ ಹೋದಳು. ಪ್ರೇಮಿಗಳ ಬುದ್ಧಿ ಕೆಲವೊಮ್ಮೆ ಹೀಗೆ ಸುತ್ತುಹಾದಿಯಲ್ಲೇ ಮನೆ ಸೇರುತ್ತದೆ.

ಕೆಂಟ್‌ನಲ್ಲಿ ಗೋದಾಮುಗಳ ಸಾಲು ಮುಗಿದ ಮೇಲೆ ಹಿಯೆನ್‌ರ ಸಣ್ಣ ಮನೆ. ಹಿತ್ತಿಲಲ್ಲಿ ಸೊಪ್ಪಿನ ಮಡಿಗಳಿಗೆ ನೀರು ಬಿಡುತ್ತಿದ್ದರು. ಅವಳನ್ನು ಕಂಡು ಏನೂ ಕೇಳದೆ ಪೈಪು ಅವಳ ಕೈಗೆ ಕೊಟ್ಟು, ಚಹಾ ಮಾಡಲು ಒಳಗೆ ಹೋದರು. ಬೈಯುವವರಿದ್ದರೆ ಪೈಪು ಕೊಡುತ್ತಿರಲಿಲ್ಲ ಎಂದು ಅವಳು ತನಗೇ ಸಮಾಧಾನ ಹೇಳಿಕೊಂಡು ಇಡೀ ಹಿತ್ತಿಲಿಗೆ ನೀರು ಬಿಟ್ಟಳು.

ಚಹಾದ ಮುಂದೆ ಕೂತು, ಅಪ್ಪನ ಪರವಾಗಿ ಕ್ಷಮಿಸಿ ಎಂದಳು. ಒಬ್ಬರ ಪರವಾಗಿ ಇನ್ನೊಬ್ಬರು ಕೇಳುವ ಕ್ಷಮೆಯನ್ನು ತಾವು ತೆಗೆದುಕೊಳ್ಳುವುದಿಲ್ಲ ಎಂದರು ಹಿಯೆನ್. ಆಮೇಲೆ, ಅವಳು ಕೇಳದೆ, ಹೇಳತೊಡಗಿದರು.

ಎಪ್ಪತ್ತೈದರ ಜೂನ್ ತಿಂಗಳಲ್ಲಿ ಅವರ ಮದುವೆ ಎಂದು ನಿಶ್ಚಯವಾಗಿತ್ತಂತೆ. ಹುಡುಗಿ ಲಾನ್, ಅವರದೇ ಊರಿನವಳು, ಚರ್ಚಿನ ಹಾಡಿನ ತಂಡದಲ್ಲಿ ಹಾಡುತ್ತಿದ್ದವಳು. ಅಷ್ಟರಲ್ಲಿ ಯುದ್ಧ ಮುಗಿದು ಹೊಸ ಸರ್ಕಾರ ನೋಟೀಸ್ ಹಚ್ಚಿತು. ಇವರ ದರ್ಜೆಯ ಅಧಿಕಾರಿಗಳೆಲ್ಲ ಹತ್ತು ದಿನದ ಊಟ ಕಟ್ಟಿಕೊಂಡು ಬರಬೇಕು, ಪಾಠ ಕೇಳಬೇಕು, ಮನೆಗೆ ಹೋಗಬೇಕು. ಲಾನ್ ಅನ್ನ ಒಣಗಿಸಿ, ಉಪ್ಪು ಮೀನು ಹುರಿದು, ಹತ್ತು ದಿನದ ಬುತ್ತಿ ಕಟ್ಟಿಕೊಟ್ಟಳು. ಹನ್ನೊಂದನೆಯ ದಿನಕ್ಕೂ ಇರಲಿ ಎಂದು ಒಂದು ಮುಷ್ಟಿ ಹೆಚ್ಚಿಗೆ ಹಾಕಿದ್ದಳು. ಹದಿಮೂರು ವರ್ಷವನ್ನು ಆ ಒಂದು ಮುಷ್ಟಿಯಿಂದ ಶುರು ಮಾಡಿದೆ ಎಂದು ಹೇಳಿ ಹಿಯೆನ್ ನಕ್ಕರು. ನೇತ್ರಾಳಿಗೆ ನಗು ಬರಲಿಲ್ಲ.

ಉತ್ತರದ ಗುಡ್ಡಗಳಲ್ಲಿ ಬಿದಿರು ಕಡಿದದ್ದು, ಮರಗೆಣಸು ತಿಂದದ್ದು, ಜೊತೆಯವರನ್ನು ಹೂತದ್ದು, ಇವನ್ನೆಲ್ಲ ಅವರು ಬೇರೆ ಯಾರದೋ ಸಂಗತಿಯ ಹಾಗೆ ಬೇಗ ಹೇಳಿ ಮುಗಿಸಿದರು. ಒಂದು ಕ್ರಿಸ್‌ಮಸ್‌ಗೆ ನಾಲ್ಕು ಜನರನ್ನು ಕೂಡಿಸಿಕೊಂಡು ಪ್ರಾರ್ಥನೆ ಹೇಳಿದ್ದಕ್ಕೆ ಕಬ್ಬಿಣದ ಪೆಟ್ಟಿಗೆಯಲ್ಲಿ ಹಾಕಿದರು. ಹಡಗಿನಲ್ಲಿ ಸಾಮಾನು ಬರುತ್ತದಲ್ಲ, ಅಂಥ ಕಂಟೇನರ್. ಒಳಗೆ ಹಗಲು ಯಾವುದು ರಾತ್ರಿ ಯಾವುದು ತಿಳಿಯದು. ಕಬ್ಬಿಣದ ಕಾವು ಇಳಿಯತೊಡಗಿದರೆ ಸಂಜೆ ಆರಾಯಿತು ಎಂದುಕೊಳ್ಳುತ್ತಿದ್ದರು. ಊರಿನಲ್ಲಿ ಆರಕ್ಕೆ ಚರ್ಚಿನ ಗಂಟೆ ಹೊಡೆಯುವ ಹೊತ್ತು. ಲಾನ್ ಮೊಣಕಾಲೂರುವ ಹೊತ್ತು. ಇವರು ಬೆರಳ ಗೆಣ್ಣುಗಳನ್ನೇ ಜಪಮಣಿ ಮಾಡಿಕೊಂಡು, ಅವಳು ಆ ತುದಿಯಲ್ಲಿ, ತಾನು ಈ ತುದಿಯಲ್ಲಿ ಎಂದು ದಿನಾ ಪ್ರಾರ್ಥಿಸಿದರು.

"ಅದೊಂದೇ ಹಗ್ಗ," ಎಂದರು. "ಅವಳು ಆ ಕಡೆ ಹಿಡಿದಿದ್ದಾಳೆ ಎಂಬ ನಂಬಿಕೆಯಿಂದ ನಾನು ಈ ಕಡೆ ಬಿಡಲಿಲ್ಲ."

ಹಿತ್ತಿಲ ಬಾಗಿಲು ಸದ್ದಾಯಿತು. ತರಕಾರಿ ಚೀಲ ಹಿಡಿದು ಬಂದ ಖಾಂಗ್ ಅವಳನ್ನು ಕಂಡು ಅಲ್ಲೇ ನಿಂತ. ಅವಳು ಏಳಹೋದಳು. ಹಿಯೆನ್ ಕೈ ಎತ್ತಿ ಇಬ್ಬರನ್ನೂ ಅಲ್ಲಲ್ಲೇ ಇರಿಸಿದರು.

ಬಿಡುಗಡೆಯಾಗಿ ಊರಿಗೆ ಬಂದ ಸಂಜೆ, ಆರು ಗಂಟೆಗೆ, ಬಾ ಪ್ರಾರ್ಥನೆಗೆ ಹೋಗೋಣ ಎಂದು ಲಾನ್‌ಳನ್ನು ಕರೆದರಂತೆ. ಅವಳು ಒಲೆಯ ಮುಂದಿನಿಂದ ಏಳಲಿಲ್ಲ. ತಾನು ಪ್ರಾರ್ಥನೆ ಬಿಟ್ಟು ಹನ್ನೊಂದು ವರ್ಷವಾಯಿತು ಎಂದಳು. ಎರಡನೆಯ ವರ್ಷವೇ ದೇವರ ಜೊತೆ ಮಾತು ಬಿಟ್ಟಿದ್ದಳು. ಎಷ್ಟು ಬಡಿದರೂ ತೆರೆಯದ ಬಾಗಿಲಿಗೆ ಮತ್ತೆ ಹೋಗುವುದಿಲ್ಲ ಎಂದಿದ್ದಳು.

"ಅಮ್ಮ ದಿನಾ ನಿಮ್ಮ ಪಕ್ಕ ಕೂತು ಪ್ರಾರ್ಥನೆ ಮಾಡ್ತಿದ್ರಲ್ಲ," ಎಂದ ಖಾಂಗ್. ಅವನ ದನಿ ಹುಡುಗನದಾಗಿತ್ತು.

"ಕೂರುತ್ತಿದ್ದಳು. ನೀನು ಹುಟ್ಟಿದ ಮೇಲೆ, ನಿನಗೋಸ್ಕರ. ಅವಳ ತುಟಿ ಅಲ್ಲಾಡಿದ್ದನ್ನು ನೀನು ಎಂದಾದರೂ ನೋಡಿದ್ದೀಯಾ?"

ಖಾಂಗ್ ಚೀಲ ಕೆಳಗಿಟ್ಟ. ನೋಡಿರಲಿಲ್ಲ ಎಂಬುದು ಅವನಿಗೆ ಆ ಗಳಿಗೆಯಲ್ಲಿ ನೆನಪಾದದ್ದು ನೇತ್ರಾಳಿಗೂ ಕಂಡಿತು. ಮೂವತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತ ತಾಯಿಯನ್ನು ಅವನು ಈಗ ಹೊಸದಾಗಿ ನೋಡುತ್ತಿದ್ದ.

"ಹಾಗಾದ್ರೆ ಹಗ್ಗದ ಆ ತುದೀಲಿ ಯಾರೂ ಇರ್ಲಿಲ್ವಾ?" ನೇತ್ರಾ ತಡೆಯಲಾರದೆ ಕೇಳಿದಳು.

"ಅದನ್ನೇ ನಾನೂ ತುಂಬಾ ದಿನ ಕೇಳಿಕೊಂಡೆ. ಯಾರೋ ಹಿಡಿದಿದ್ದರು, ಇಲ್ಲದಿದ್ದರೆ ನಾನು ಬೀಳುತ್ತಿದ್ದೆ. ಯಾರು ಎಂಬುದು ನನಗೆ ಗೊತ್ತು, ಲಾನ್ ಕೊನೆಯವರೆಗೂ ಒಪ್ಪಲಿಲ್ಲ." ಹಿಯೆನ್ ಖಾಲಿ ಲೋಟವನ್ನು ಮೇಜಿನ ಮೇಲೆ ತಿರುಗಿಸಿದರು. "ಹದಿಮೂರು ವರ್ಷದಲ್ಲಿ ಮೂರು ಒಳ್ಳೆ ಸಂಬಂಧ ಬಂದಿದ್ದವು ಅವಳಿಗೆ. ದೇವರನ್ನು ಬಿಟ್ಟಳು, ನನ್ನನ್ನು ಬಿಡಲಿಲ್ಲ. ಯಾರ ನಂಬಿಕೆ ದೊಡ್ಡದು ಎಂದು ನನಗೆ ಇವತ್ತಿಗೂ ತಿಳಿದಿಲ್ಲ, ಮಕ್ಕಳೇ."

ಅವರು ಎದ್ದು ಸೊಪ್ಪು ಕೊಯ್ಯಲು ಹೋದರು. ಕೊಯ್ಯುವಷ್ಟು ಬೆಳೆದ ಸೊಪ್ಪೇನೂ ಇರಲಿಲ್ಲ ಎಂಬುದು ಬೇರೆ ಮಾತು.

ಖಾಂಗ್ ಅವಳ ಎದುರು ಕೂತ. ಅವನ ಕೈ ಮೇಜಿನ ಮೇಲಿತ್ತು, ಅವಳದೂ ಇತ್ತು, ನಡುವೆ ಒಂದು ಚಹಾ ಕೆಟಲ್. ಕೆಟಲ್ ಇನ್ನೂ ಬೆಚ್ಚಗಿತ್ತು. ಮೊದಲು ಅವನ ಬೆರಳು ಆ ಕಡೆಯಿಂದ ಅದನ್ನು ಮುಟ್ಟಿತು, ಆಮೇಲೆ ಅವಳ ಬೆರಳು ಈ ಕಡೆಯಿಂದ.

"ಎಷ್ಟು ಸಲ ಫೋನ್ ತೆಗ್ದೆ ಗೊತ್ತಾ," ಎಂದ.

"ಮಾಡ್ಬೇಡ ಅಂದಿದ್ದು ನೀನು. ನಾನು ಹೇಳಿದ ಮಾತು ಕೇಳೋಳು."

"ಇದೊಂದು ಸಲ ಕೇಳ್ಬಾರ್ದಿತ್ತು."

ಅವನ ಕಣ್ಣು ತುಂಬಿತ್ತು, ಆದರೂ ಅದರೊಳಗೆ ಬ್ರಾಕೆಟ್‌ನ ಆಚೆಯಿಂದ ನಕ್ಕ ಆ ಹಳೆಯ ಕಣ್ಣು ಇತ್ತು. ಆಮೇಲೆ ಅದೂ ಗಂಭೀರವಾಯಿತು. ತಾನು ಅವಳನ್ನು ಬಿಟ್ಟು ಇರಲಾರೆ ಎಂದ. ಆದರೆ ತನ್ನಪ್ಪನಷ್ಟು ದೊಡ್ಡ ಮನಸ್ಸು ತನಗಿಲ್ಲ, ಅವಳಪ್ಪ ಬಾಯಿಬಿಟ್ಟು ಒಂದು ಮಾತು ಹೇಳಲೇಬೇಕು ಎಂದ.

"ನಾನು ಹೇಳ್ಸಿದ್ರೆ ಹೇಳ್ತಾರೆ, ಖಾಂಗ್. ಮಗಳಿಗೋಸ್ಕರ ಹೇಳ್ತಾರೆ. ಅದು ಸುಳ್ಳಾಗಿರತ್ತೆ. ನಿನ್ನಪ್ಪನ ಮುಂದೆ ಅಂಥ ಸುಳ್ಳನ್ನ ನಾನು ಟ್ರಾನ್ಸ್‌ಲೇಟ್ ಮಾಡಲ್ಲ."

ಅವನು ಕೆಟಲ್ ದಾಟಿ ಅವಳ ಕೈ ಹಿಡಿದ. ಆ ಕೈ ಬಿಡುವಾಗ ಮದುವೆಯಾಗುತ್ತದೋ ಇಲ್ಲವೋ ಇಬ್ಬರಿಗೂ ತಿಳಿದಿರಲಿಲ್ಲ, ಆದರೆ ಒಬ್ಬರನ್ನೊಬ್ಬರು ಬಿಟ್ಟು ಹೋಗುವುದಿಲ್ಲ ಎಂಬುದಷ್ಟೇ ತಿಳಿದಿತ್ತು.

ಮನೆಗೆ ಬಂದು ನೇತ್ರಾ ಕೇಳಿದ್ದನ್ನೆಲ್ಲ ಅಪ್ಪ ಅವ್ವನಿಗೆ ಹೇಳಿದಳು. ಮನಸ್ಸು ಕರಗಿಸಲೆಂದು ಹೇಳಲಿಲ್ಲ, ಎದೆಯಲ್ಲಿ ಹಿಡಿಸದೆ ಹೇಳಿದಳು. ಕಂಟೇನರ್ ಎಂದಾಗ ಅವ್ವ ಸೆರಗು ಬಾಯಿಗೆ ಹಿಡಿದಳು. ಅಪ್ಪನ ಮುಖ ಕಲ್ಲಿನ ಹಾಗೇ ಇತ್ತು. ಎಲ್ಲ ಮುಗಿದ ಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ.

"ಹತ್ತು ದಿನಾ ಅಂತ ನೋಟೀಸ್ ಹಚ್ಚಿದ್ರಂತೇನು?"

"ಹೂಂ."

"ಬರಹದಾಗ? ಸರ್ಕಾರದ ನೋಟೀಸ್?"

"ಹೌದಪ್ಪಾ."

ನೀಲಕಂಠಪ್ಪ ಎದ್ದ. ಮುಷ್ಕರ ಮುರಿದ ಆ ವರ್ಷ, ಸುಮ್ಮನೆ ಕೆಲಸಕ್ಕೆ ಬನ್ನಿ, ಯಾರ ಮೇಲೂ ಕ್ರಮವಿಲ್ಲ ಎಂದು ಗೇಟಿಗೆ ನೋಟೀಸ್ ಹಚ್ಚಿದ್ದರು. ಅದನ್ನು ನಂಬಿ ಬುತ್ತಿ ಹಿಡಿದು ಒಳಗೆ ಹೋದವನನ್ನು ಗೇಟಿನಲ್ಲೇ ಕೆಲಸದಿಂದ ತೆಗೆದಿದ್ದರು. ಎರಡು ವಾರದ ಜೈಲನ್ನು ಅವನು ನಗುತ್ತ ಹೇಳುತ್ತಿದ್ದ. ಈ ನೋಟೀಸಿನ ಮಾತನ್ನು ಮಾತ್ರ ಎಂದೂ ಯಾರಿಗೂ ಹೇಳುತ್ತಿರಲಿಲ್ಲ. ಆಳುವವನು ಬರೆದು ಸುಳ್ಳು ಹೇಳುವುದು, ಬಡವನು ಅದನ್ನು ನಂಬುವುದು, ಇದಕ್ಕಿಂತ ಹೊಲಸು ಕೆಲಸ ಅವನ ಲೆಕ್ಕದಲ್ಲಿ ಇನ್ನೊಂದಿರಲಿಲ್ಲ. ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಕಿಟಕಿಯಿಂದ ನೋಡಿದರೆ, ರಸ್ತೆಯಂಚಿನ ಬ್ಲಾಕ್‌ಬೆರ್ರಿ ಪೊದೆಗಳ ಪಕ್ಕ ಹೋಗುವುದು ಬರುವುದು, ಹೋಗುವುದು ಬರುವುದು. ಕರೆಯಲು ಹೊರಟ ಮಗಳನ್ನು ಬಸವಣ್ಣೆವ್ವ ತಡೆದಳು. ತಾನಾಗೇ ಬರಲಿ ಎಂದಳು.

ಆಮೇಲೆ ಒಂದು ವಾರ ಅಪ್ಪ ಮಾತು ಕಡಿಮೆ ಮಾಡಿದ. ಫೋನಿನಲ್ಲಿ ಹುಬ್ಬಳ್ಳಿಯ ಹಳೆಯ ಸಂಗಾತಿಗಳ ಜೊತೆ ಗಂಟೆಗಟ್ಟಲೆ ವಾದ ಮಾಡುತ್ತಿದ್ದವನು ಕರೆ ಬಂದರೂ ಎತ್ತಲಿಲ್ಲ. ಐವತ್ತು ವರ್ಷ ಉಟ್ಟ ಬಟ್ಟೆಯನ್ನು ಬಿಚ್ಚಿ ಬರಿಮೈಯಲ್ಲಿ ನಿಂತವನ ಹಾಗೆ ಮನೆಯೊಳಗೆ ತಿರುಗುತ್ತಿದ್ದ. ನೇತ್ರಾ ಮಾತ್ರ ಅವನಿಗೆ ಒಂದು ಮಾತೂ ಹೇಳಿಕೊಡಲಿಲ್ಲ.

ಭಾನುವಾರ ಬೆಳಿಗ್ಗೆ ಇನ್ನೂ ಚಹಾ ಕುದಿಯುತ್ತಿರುವಾಗ ಕರೆಗಂಟೆ ಹೊಡೆಯಿತು. ಬಾಗಿಲಲ್ಲಿ ಹಿಯೆನ್. ಕಪ್ಪು ಕೋಟು, ಕೊರಳ ಗುಂಡಿ, ಕೈಯಲ್ಲಿ ಕೆಂಪು ಬಟ್ಟೆ ಮುಚ್ಚಿದ ದುಂಡು ಪೆಟ್ಟಿಗೆ. ಹಿಂದೆ ಖಾಂಗ್, ತಲೆ ಬಾಚಿರಲಿಲ್ಲ, ಅಂಗಿಯ ಒಂದು ಗುಂಡಿ ತಪ್ಪಿತ್ತು. ತನಗೇನೂ ಗೊತ್ತಿಲ್ಲ ಎಂದು ಅವನು ಕಣ್ಣಲ್ಲೇ ಅವಳಿಗೆ ಹೇಳಿದ. ನೇತ್ರಾ ನೈಟಿಯಲ್ಲಿದ್ದಳು. ಇಂಥ ಹೊತ್ತಿನಲ್ಲೂ ಅವನ ಕಣ್ಣು ಆ ಹೂವಿನ ನೈಟಿಯನ್ನು ಮೇಲಿಂದ ಕೆಳಗೆ ನೋಡಿ ಒಂಚೂರು ನಕ್ಕಿತು.

ಹಿಯೆನ್ ಬಟ್ಟೆ ಸರಿಸಿದರು. ವೀಳ್ಯದೆಲೆ, ಹಸಿ ಅಡಿಕೆಯ ಗೊನೆ. ಹುಡುಗಿಯನ್ನು ಕೇಳಲು ತಮ್ಮಲ್ಲಿ ಹೀಗೇ ಬರುವುದು ಎಂದರು. ಬಸವಣ್ಣೆವ್ವ ಎಲೆಗಳನ್ನು ಕಂಡು ಬೆರಗಾಗಿ ನಿಂತಳು. ಎಲೆ ಅಡಿಕೆಯ ಶಾಸ್ತ್ರಕ್ಕೆ ಯಾರೂ ಅವಳಿಗೆ ಅನುವಾದ ಮಾಡಬೇಕಿರಲಿಲ್ಲ.

ನೀಲಕಂಠಪ್ಪ ಒಳಗಿನಿಂದ ಬಂದ. ಪೆಟ್ಟಿಗೆಗೆ ಕೈ ಒಡ್ಡಲಿಲ್ಲ.

"ನಿಂದರ್ರಿ. ಮೊದಲ ನನ್ನ ಮಾತು ಕೇಳ್ರಿ," ಎಂದ. ಮಗಳ ಕಡೆ ತಿರುಗಿ, "ಒಂದು ಅಕ್ಷರ ಬಿಡಬ್ಯಾಡ. ಬಣ್ಣಾನೂ ಹಚ್ಚಬ್ಯಾಡ."

ನೇತ್ರಾ ತಲೆಯಾಡಿಸಿದಳು.

"ಆ ದಿನ ನನಗ ಖುಷಿ ಆಗಿತ್ತು. ಇಲ್ಲ ಅಂದ್ರ ಸುಳ್ಳು ಹೇಳಿದಂಗ ಆಕ್ಕೈತಿ, ನಿಮಗ ಭಾಳ ಸುಳ್ಳು ಹೇಳ್ಯಾರ, ನಾ ಹೇಳೂದಿಲ್ಲ. ಹತ್ತು ದಿನಾ ಅಂತ ಕರದು ಹದಿಮೂರು ವರ್ಷ ಇಟ್ಟಾರಲ್ಲ, ಅದನ್ನ ಮಾಡಿದವರು ನಮ್ಮವರು. ಐವತ್ತು ವರ್ಷ ನಮ್ಮವರು, ನಮ್ಮವರು ಅಂತ ನಾನ ಅವರನ್ನ ಎದಿಮ್ಯಾಗ ಹೊತ್ತೀನಿ. ಒಂದು ದಿನಾನೂ ಒಳಗ ಯಾರದಾರ ಅಂತ ಕೇಳಲಿಲ್ಲ." ಅವನು ಹಿಯೆನ್‌ರ ಕಡೆ ತಿರುಗಿದ. "ತಪ್ಪಾತು. ನನ್ನ ಮನ್ಯಾಗಿಂದ ಹೆಣ್ಣು ತೊಗೊಬೇಕೋ ಬ್ಯಾಡೋ, ಇದನ್ನ ಕೇಳಿ ನೀವ ಹೇಳ್ರಿ."

ನೇತ್ರಾ ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಿದಳು. ಈ ಸಲ ಅವಳು ಖಾಂಗ್‌ನ ಕಡೆ ನೋಡುತ್ತಲೇ ಹೇಳಿದಳು. ಅವನ ದವಡೆ ಬಿಗಿದಿದ್ದದ್ದು ಸಡಿಲವಾಯಿತು. ಹಿಯೆನ್‌ರ ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಹೋಗುತ್ತಿತ್ತು. ಒಲೆಯ ಮೇಲೆ ಚಹಾ ಉಕ್ಕಿ ಹರಿಯಿತು, ಯಾರೂ ಹೋಗಲಿಲ್ಲ.

"ಅವರಿಗೆ ಹೇಳು ಮಗಳೇ," ಎಂದರು ಕೊನೆಗೆ. "ಕ್ಷಮೆ ನನಗೆ ದಿನಾ ಬರುವುದಿಲ್ಲ. ಐವತ್ತು ವರ್ಷದಿಂದ ದಿನಾ ಬೆಳಿಗ್ಗೆ ದೇವರಲ್ಲಿ ಬೇಡುತ್ತೇನೆ. ಕೆಲವು ದಿನ ಕೊಡುತ್ತಾನೆ, ಕೆಲವು ದಿನ ಇಲ್ಲ. ಈ ಮನೆಯಲ್ಲಿ ಸಿಹಿ ತಿಂದ ದಿನದಿಂದ ಒಮ್ಮೆಯೂ ಕೊಟ್ಟಿರಲಿಲ್ಲ. ಇವತ್ತು ಎದ್ದಾಗ ಬಂದಿತ್ತು. ಎಷ್ಟು ಹೊತ್ತು ಇರುತ್ತದೋ ಗೊತ್ತಿಲ್ಲ, ಸಂಜೆಗೆ ಹೋಗಿಬಿಡಬಹುದು. ಅದಕ್ಕೇ ಮಗನಿಗೆ ತಲೆ ಬಾಚಲೂ ಬಿಡದೆ ಎಬ್ಬಿಸಿಕೊಂಡು ಓಡಿ ಬಂದೆ."

ಖಾಂಗ್ ಬಂದು ನೇತ್ರಾಳ ಪಕ್ಕದಲ್ಲಿ ನಿಂತ, ಭುಜಕ್ಕೆ ಭುಜ ತಾಗುವ ಹಾಗೆ.

"ಏನಂದ್ರು?" ಎಂದು ಕೇಳಿದ ಅಪ್ಪ. "ಬ್ಯಾಡ ಅಂದ್ರೇನು? ಹೇಳ ಯವ್ವಾ."

ಅವಳು ಕಣ್ಣು ಒರೆಸಿಕೊಂಡು, ಒಂದು ಅಕ್ಷರ ಬಿಡದೆ, ಬಣ್ಣ ಹಚ್ಚದೆ, ಹೇಳಿದಳು.

ನೀಲಕಂಠಪ್ಪ ಎರಡೂ ಕೈ ಮುಂದೆ ಮಾಡಿ ಪೆಟ್ಟಿಗೆ ಇಸಿದುಕೊಂಡ. ಶಾಸ್ತ್ರ ಎಂದರೆ ಮೂಗು ಮುರಿಯುತ್ತಿದ್ದ ಮನುಷ್ಯ, ಈಗ ಹೆಂಡತಿಯ ಕಡೆ ತಿರುಗಿದ.

"ಬಸವ್ವಾ, ಏನೇನ ಶಾಸ್ತ್ರ ಅದಾವ ಎಲ್ಲಾ ಲಗೂ ತಗಿ," ಎಂದ. "ಸಂಜಿ ಆಗೂದ್ರಾಗ ಮುಗಸೂಣು."